ಡೋಡಿತಾಲ್ ಪಕ್ಕ ಸ್ವಂತ ಟೆಂಟ್: ಘಟ್ಟದ ಯಾವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ?

ಪ್ರಶ್ನೆ: ನಾವು ಬೆಂಗಳೂರಿನ ಮೂವರು ಗೆಳೆಯರು. ಕುಮಾರ ಪರ್ವತ, ಕುದುರೆಮುಖ, ಕೊಡಚಾದ್ರಿ ಎಲ್ಲ ಹತ್ತಿದ್ದೇವೆ, ಜಡಿಮಳೆಯಲ್ಲೂ ನಡೆದು ಅಭ್ಯಾಸವಿದೆ. ಅಕ್ಟೋಬರ್ ಎರಡನೇ ವಾರ ಉತ್ತರಾಖಂಡದ ಡೋಡಿತಾಲ್‌ಗೆ ಹೋಗಿ, ಯಾವ ಪ್ಯಾಕೇಜೂ ಇಲ್ಲದೆ ನಮ್ಮದೇ ಟೆಂಟಿನಲ್ಲಿ ಸರೋವರದ ಪಕ್ಕ ಎರಡು ರಾತ್ರಿ ಇದ್ದು, ದರ್ವಾ ಪಾಸ್‌ವರೆಗೆ ಹತ್ತಿ ಇಳಿಯುವ ಯೋಚನೆ ಇದೆ. ಟೆಂಟ್ ಎಲ್ಲಿ ಹಾಕಬೇಕು? ಅಡುಗೆ, ನೀರು, ಚಳಿ ಹೇಗೆ ನಿಭಾಯಿಸಬೇಕು? ಗೈಡ್ ಬೇಕೇ ಬೇಕಾ?

ಉತ್ತರ: ಕಾಲಿನ ಶಕ್ತಿಯ ಬಗ್ಗೆ ಚಿಂತೆ ಬೇಡ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಡೋಡಿತಾಲ್ ದಾರಿ ಸಲೀಸು. ಸಂಗಮಚಟ್ಟಿಯಿಂದ ಸರೋವರಕ್ಕೆ ಸುಮಾರು 22 ಕಿ.ಮೀ., ಬಹುಪಾಲು ಹೇಸರಗತ್ತೆ ನಡೆಯುವ ಅಗಲವಾದ ಕಾಲುದಾರಿ. ನನಗೆ ಚಿಂತೆ ಹುಟ್ಟಿಸಿದ್ದು ಜಡಿಮಳೆಯ ಅಭ್ಯಾಸದ ಮಾತು. ನಮ್ಮ ಘಟ್ಟದಲ್ಲಿ ನೆನೆಯುವುದು ನಡಿಗೆಯ ಭಾಗ. ನೆನೆದರೆ ನೆನೆದೆವು, ಕೆಳಗಿಳಿದು ಬಿಸಿನೀರು ಹುಯ್ದುಕೊಂಡರೆ ಆಯಿತು. ಆಗುಂಬೆಯ ಜುಲೈ ಮಳೆಯಲ್ಲೂ ಗಾಳಿಯ ಉಷ್ಣತೆ 20 ಡಿಗ್ರಿಯ ಆಸುಪಾಸು ಇರುತ್ತದೆ. ಡೋಡಿತಾಲ್ ಇರುವುದು 3,000 ಮೀಟರಿಗಿಂತ ಮೇಲೆ. ಅಲ್ಲಿ ಸಂಜೆ ನಾಲ್ಕಕ್ಕೆ ಒದ್ದೆಯಾದ ಬಟ್ಟೆ ಮರುದಿನ ಬಿಸಿಲು ಬರುವವರೆಗೆ ಒಣಗುವುದಿಲ್ಲ, ನಡುವೆ ಇರುವುದು ಸೊನ್ನೆ ಡಿಗ್ರಿಯ ರಾತ್ರಿ. ಟೆಂಟಿನ ಜಾಗ, ಬಟ್ಟೆ, ಹಾಸಿಗೆ, ಪಾಸ್‌ನಿಂದ ಹಿಂತಿರುಗುವ ಹೊತ್ತು, ನೀವು ಕೇಳಿದ ಎಲ್ಲಕ್ಕೂ ಉತ್ತರ ಒಂದೇ ಕಡೆಯಿಂದ ಹೊರಡುತ್ತದೆ: ಒಣಗಿರಬೇಕು.

ಇದು ಬರಿಯ ಎಚ್ಚರಿಕೆಯ ಮಾತಲ್ಲ. 2024ರ ಜೂನ್‌ನಲ್ಲಿ, ಉತ್ತರಕಾಶಿ–ತೆಹ್ರಿ ಗಡಿಯ ಸಹಸ್ರತಾಲ್‌ನಿಂದ ಮರಳುತ್ತಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಆ ಸರೋವರ ಡೋಡಿತಾಲ್‌ಗಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಸುತ್ತ ಮರಗಳ ಆಸರೆಯಿಲ್ಲ, ಅದು ಬೇರೆಯದೇ ಚಾರಣ. ಆದರೆ ನೀವು ಹೋಗಬೇಕೆಂದಿರುವ ದರ್ವಾ ಪಾಸ್ ಕೂಡ 4,000 ಮೀಟರ್ ದಾಟುತ್ತದೆ, ಅದೂ ಮರವಿಲ್ಲದ ಬೋಳು ಏಣು.

ಮೊದಲು ಚಳಿಯ ಲೆಕ್ಕ. ಎತ್ತರ 1,000 ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಉತ್ತರಕಾಶಿ ಪೇಟೆ ಇರುವುದು ಸುಮಾರು 1,150 ಮೀಟರಿನಲ್ಲಿ. ಅಲ್ಲಿ ರಾತ್ರಿ 13 ಡಿಗ್ರಿ ಇದ್ದರೆ ಸರೋವರದ ಬಳಿ ಸೊನ್ನೆಯ ಹತ್ತಿರ ಎಂದು ತಿಳಿಯಿರಿ. ಮೋಡವಿಲ್ಲದ ರಾತ್ರಿ ಇನ್ನೂ ಎರಡು ಮೂರು ಡಿಗ್ರಿ ಇಳಿಯಬಹುದು. ಫೋನಿನಲ್ಲಿ ಉತ್ತರಕಾಶಿಯ ಹವಾಮಾನ ನೋಡಿ ಬಟ್ಟೆ ಕಟ್ಟುವವರು ಎಡವುವುದು ಇಲ್ಲೇ.

ದಿನಗಳನ್ನು ಹೀಗೆ ಜೋಡಿಸಿ. ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ, ಅಲ್ಲಿಂದ ಉತ್ತರಕಾಶಿಗೆ ರಸ್ತೆಯಲ್ಲಿ ಆರೇಳು ಗಂಟೆ. ಬಸ್ಸು, ಶೇರ್ ಜೀಪು ಎರಡೂ ಬೆಳಿಗ್ಗೆ ಬೇಗ ಹೊರಡುತ್ತವೆ, ಮಧ್ಯಾಹ್ನದ ಮೇಲೆ ಸಿಗುವುದು ಕಷ್ಟ. ಉತ್ತರಕಾಶಿಯಲ್ಲಿ ಒಂದು ರಾತ್ರಿ ತಂಗಿ. ಮರುದಿನ ಗಂಗೋರಿ ಮೂಲಕ ಅಸ್ಸಿ ಗಂಗಾ ಕಣಿವೆ ಹಿಡಿದು ಸಂಗಮಚಟ್ಟಿ. 2012ರ ಆಗಸ್ಟಿನ ಪ್ರವಾಹ ಈ ಕಣಿವೆಯ ರಸ್ತೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ಈಗಲೂ ಜೀಪು ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಆ ವರ್ಷದ ಮಳೆಯ ಮೇಲೆ ನಿಂತಿದೆ, ಹಿಂದಿನ ಸಂಜೆಯೇ ಜೀಪ್ ಸ್ಟ್ಯಾಂಡಿನಲ್ಲಿ ಕೇಳಿಟ್ಟುಕೊಳ್ಳಿ. ಅಲ್ಲಿಂದ ಅಗೋಡಾ ಹಳ್ಳಿಗೆ ಆರೇಳು ಕಿ.ಮೀ. ಏರು. ಮೊದಲ ರಾತ್ರಿ ಅಲ್ಲೇ, ಯಾರದಾದರೂ ಮನೆಯಲ್ಲಿ ಬಾಡಿಗೆ ಕೊಟ್ಟು ಮಲಗಿ. ಎತ್ತರ ಸುಮಾರು 2,200 ಮೀಟರ್, ದೇಹ ಹೊಂದಿಕೊಳ್ಳಲು ಒಳ್ಳೆಯ ಮೆಟ್ಟಿಲು. ಎರಡನೇ ದಿನ ಬೇಬ್ರಾ, ಮಾಂಝಿ ದಾಟಿ ಸರೋವರ ಮುಟ್ಟಬಹುದು, ಆದರೆ ಬೆನ್ನಿಗೆ 15 ಕಿಲೋ ಹೊತ್ತವರಿಗೆ ಅದು ದೀರ್ಘ ದಿನ. ಕೈಯಲ್ಲಿ ಒಂದು ದಿನ ಹೆಚ್ಚಿದ್ದರೆ ಮಾಂಝಿಯಲ್ಲಿ ತಂಗಿ, ಮೂರನೇ ದಿನ ಮಧ್ಯಾಹ್ನದೊಳಗೆ ಸರೋವರ ತಲುಪಿ. ನನ್ನ ಒಲವು ಇದಕ್ಕೇ. ಎತ್ತರದ ಕಾರಣ ಒಂದಾದರೆ, ಟೆಂಟಿಗೆ ಜಾಗ ಹುಡುಕಲು ಬೆಳಕು ಉಳಿಯುತ್ತದೆ ಎನ್ನುವುದು ಇನ್ನೊಂದು. ಅಕ್ಟೋಬರ್‌ನಲ್ಲಿ ಐದು ಗಂಟೆಗೆಲ್ಲ ಕಣಿವೆಯೊಳಗಿಂದ ಬಿಸಿಲು ಹೋಗಿರುತ್ತದೆ, ಕತ್ತಲಲ್ಲಿ ಆರಿಸಿದ ಜಾಗದ ತಪ್ಪು ಗೊತ್ತಾಗುವುದು ರಾತ್ರಿ ಎರಡು ಗಂಟೆಗೆ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಕಾಣಿಸಿದರೆ ಅಂದು ಮೇಲೇರಬೇಡಿ. ರಾತ್ರಿ ಕಳೆದೂ ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಎತ್ತರದ ಈ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳುವುದಿದ್ದರೆ ಬೆಂಗಳೂರಿನಲ್ಲೇ ವೈದ್ಯರನ್ನು ಕೇಳಿ, ಸಲ್ಫಾ ಔಷಧಿ ಒಗ್ಗದವರು ಅದನ್ನು ಮರೆಯದೆ ಹೇಳಿ.

ಈಗ ಟೆಂಟಿನ ಜಾಗ. ಎಲ್ಲರಿಗೂ ನೀರಿನ ಅಂಚಿನಲ್ಲೇ ಬಾಗಿಲು ತೆರೆಯಬೇಕೆಂಬ ಆಸೆ. ಇಡೀ ಬಯಲಲ್ಲಿ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಬಿಸಿಲು ಹೋದ ಮೇಲೆ ಇಳಿಜಾರಿನ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಕೆಳಗೆ ಜಾರಿ ಸರೋವರದ ಬಟ್ಟಲಿನಲ್ಲಿ ನಿಲ್ಲುತ್ತದೆ. ಅದಕ್ಕೆ ನೀರಿನ ತೇವ ಸೇರಿ ಬೆಳಗಿನ ಜಾವ ಟೆಂಟಿನ ಹೊರಗೆ ಮಂಜುಗಡ್ಡೆಯ ಪದರ, ಒಳಗೆ ಹನಿ. ಹತ್ತು ಮೀಟರ್ ಮೇಲಿನ ಒಂದು ಮೆಟ್ಟಿನಲ್ಲಿ ಅದೇ ರಾತ್ರಿ ಎಷ್ಟೋ ಬೆಚ್ಚಗಿರುತ್ತದೆ. ಆದ್ದರಿಂದ ನೀರಿನಿಂದ ಕನಿಷ್ಠ 60 ಮೀಟರ್ ದೂರ, ಅಂದರೆ 80 ದೊಡ್ಡ ಹೆಜ್ಜೆ, ಮತ್ತು ಸ್ವಲ್ಪ ಎತ್ತರ. ಡೋಡಿತಾಲ್ ಸುತ್ತ ಕಾಡಿರುವುದು ನಿಮ್ಮ ಪುಣ್ಯ. ಮರದ ಹರವಿನ ಅಂಚಿನಲ್ಲಿ ಇಬ್ಬನಿ ಕಡಿಮೆ, ನೆಲ ಆಕಾಶಕ್ಕೆ ಶಾಖ ಬಿಟ್ಟುಕೊಡುವುದೂ ಕಡಿಮೆ. ಮರದ ಕೆಳಗೆ ಹೋಗುವ ಮೊದಲು ತಲೆಯೆತ್ತಿ ಒಣಗಿದ ಕೊಂಬೆ ಇದೆಯೇ ನೋಡಿ. ಆಮೇಲೆ ನೆಲ ನೋಡಿ: ಹುಲ್ಲು ಒಂದೇ ದಿಕ್ಕಿಗೆ ಬಾಗಿ ಮಲಗಿದ್ದರೆ, ಸಣ್ಣ ಕಲ್ಲು ಸಾಲಾಗಿ ತೊಳೆದಂತೆ ಇದ್ದರೆ ಅದು ಮಳೆ ಬಂದಾಗ ನೀರು ಹರಿಯುವ ದಾರಿ. ಈಗ ಒಣಗಿದೆಯೆಂದು ಮೋಸಹೋಗಬೇಡಿ. ಪೂರ್ವಕ್ಕೆ ತೆರೆದ ಜಾಗ ಸಿಕ್ಕರೆ ಬೆಳಗಿನ ಬಿಸಿಲು ಬೇಗ ಬರುತ್ತದೆ, ಟೆಂಟ್ ಒಣಗಿಸಿ ಮಡಿಚಬಹುದು. ಇದಕ್ಕೆಲ್ಲ ಮೊದಲು ಅಲ್ಲಿನ ಅರಣ್ಯ ಸಿಬ್ಬಂದಿಯನ್ನು ಕೇಳಿ. ಟೆಂಟಿಗೆ ಅವರು ತೋರಿಸುವ ಜಾಗ ಇದ್ದರೆ ಅದರೊಳಗೇ ಒಳ್ಳೆಯ ಮೂಲೆ ಹುಡುಕಿ. ಗಣೇಶನ ಗುಡಿಯ ಸುತ್ತ ಹಾಕಬೇಡಿ. ಗಣಪತಿ ಹುಟ್ಟಿದ ಜಾಗ ಇದೇ ಎಂದು ಸುತ್ತಲ ಹಳ್ಳಿಯವರು ನಂಬುತ್ತಾರೆ, ಅವರಿಗೆ ಆ ನೀರು ತೀರ್ಥ.

ಮೂವರಿಗೆ ‘ತ್ರೀ ಪರ್ಸನ್’ ಟೆಂಟ್ ಸಾಲದು. ಭುಜಕ್ಕೆ ಭುಜ ತಾಗಿ, ಬ್ಯಾಗುಗಳು ಹೊರಗೆ ನೆನೆಯುತ್ತವೆ, ಮಲಗುವ ಚೀಲ ಒದ್ದೆ ಗೋಡೆಗೆ ಒರಗುತ್ತದೆ. ನಾಲ್ವರದು ತನ್ನಿ. ಎರಡು ಪದರದ್ದಿರಬೇಕು, ಹೊರಪದರ ನೆಲದವರೆಗೆ ಇಳಿಯಬೇಕು. ಮನೆ ಟೆರೇಸಿನಲ್ಲಿ ಕಟ್ಟಿ, ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಕೂತು ಹೊಲಿಗೆ ನೋಡಿ. ಸೋರಿದರೆ ಸೀಮ್ ಸೀಲರ್ ಹಚ್ಚಿ ಒಂದು ದಿನ ಒಣಗಿಸಿ. ಬಿರುಗಾಳಿಗೆ ಟೆಂಟನ್ನು ಹಿಡಿದಿಡುವುದು ಹಗ್ಗಗಳೇ ಹೊರತು ಕಡ್ಡಿಗಳಲ್ಲ. ಆಕಾಶ ತಿಳಿಯಾಗಿದ್ದರೂ ಸಂಜೆಯೇ ಎಲ್ಲ ಹಗ್ಗ ಎಳೆದು ಗೂಟಕ್ಕೆ ಕಟ್ಟಿ. ಮಧ್ಯರಾತ್ರಿ ಮತ್ತೊಮ್ಮೆ ಬಿಗಿಯಬೇಕಾಗುತ್ತದೆ, ನೈಲಾನ್ ಬಟ್ಟೆ ತೇವಕ್ಕೆ ಸಡಿಲವಾಗುತ್ತದೆ.

ಚಳಿಗೆ ಹೆದರಿ ಟೆಂಟಿನ ಗಾಳಿಕಿಂಡಿ ಮುಚ್ಚುವುದು ಹೊಸಬರ ಸಾಮಾನ್ಯ ತಪ್ಪು. ಮೂವರ ಉಸಿರಿನಿಂದ ಒಂದು ರಾತ್ರಿಗೆ ಲೋಟಗಟ್ಟಲೆ ನೀರು ಹೊರಬರುತ್ತದೆ. ಹೋಗಲು ದಾರಿಯಿಲ್ಲದಿದ್ದರೆ ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿ ನಿಮ್ಮ ಚೀಲದ ಮೇಲೇ ಬೀಳುತ್ತದೆ. ಎದುರುಬದುರಿನ ಎರಡು ಕಿಂಡಿ ತೆರೆದಿಡಿ, ಒದ್ದೆ ಬಟ್ಟೆ ಒಳಗೆ ನೇತುಹಾಕಬೇಡಿ, ಮುಖವನ್ನು ಚೀಲದೊಳಗೆ ಹುದುಗಿಸಬೇಡಿ. ತಲೆಗೆ ಉಣ್ಣೆ ಟೋಪಿ, ಮೂಗು ಹೊರಗೆ.

ಮಲಗುವ ಚೀಲದ ಮೇಲೆ ಒಂದಕ್ಕಿಂತ ಹೆಚ್ಚು ಉಷ್ಣತೆ ಬರೆದಿರುತ್ತಾರೆ, ಅದರಲ್ಲಿ ನೋಡಬೇಕಾದವು ‘ಕಂಫರ್ಟ್’ ಮತ್ತು ‘ಎಕ್ಸ್‌ಟ್ರೀಮ್’. ಎರಡನೆಯದು ಪ್ರಾಣ ಉಳಿಯಬಹುದಾದ ಮಿತಿ ಅಷ್ಟೇ, ನಿದ್ದೆಯ ಲೆಕ್ಕ ಅದಕ್ಕಿಲ್ಲ. ಕಂಫರ್ಟ್ ಮೈನಸ್ 5 ಇರುವುದನ್ನು ಆರಿಸಿ. ಬಾಡಿಗೆಗೆ ತರುವುದಾದರೆ ಜಿಪ್ ಹತ್ತು ಸಲ ಎಳೆದು ನೋಡಿ, ಚೀಲವನ್ನು ಬಿಡಿಸಿ ಕಾಲು ಗಂಟೆ ಬಿಡಿ. ಉಬ್ಬಿ ಮೇಲೇಳದೆ ಚಪ್ಪಟೆಯಾಗಿಯೇ ಉಳಿದರೆ ಹಿಂದಕ್ಕೆ ಕೊಡಿ. ಇನ್ನು ಚೀಲದಷ್ಟೇ ಮುಖ್ಯ ಅದರ ಕೆಳಗಿನ ಹಾಸು. ನಿಮ್ಮ ಭಾರಕ್ಕೆ ಚೀಲದ ತಳ ಅಪ್ಪಚ್ಚಿಯಾಗಿರುತ್ತದೆ, ನೆಲದ ತಂಪು ನೇರ ಬೆನ್ನಿಗೆ ಹೊಡೆಯುತ್ತದೆ. ಒಂದು ಫೋಮ್ ಮ್ಯಾಟ್ ಘಟ್ಟಕ್ಕೆ ಸಾಕು, ಇಲ್ಲಿಗೆ ಒಂದರ ಮೇಲೊಂದು ಎರಡು ಬೇಕು, ಇಲ್ಲವೇ ಆರ್-ವ್ಯಾಲ್ಯೂ (ನೆಲದ ತಂಪು ತಡೆಯುವ ಶಕ್ತಿಯ ಅಳತೆ) 4ರ ಆಸುಪಾಸಿನ ಗಾಳಿ ತುಂಬುವ ಹಾಸು. ಮಲಗುವ ಮುಂಚೆ ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ, ಸಾಕ್ಸ್ ತೊಡಿಸಿ, ತೊಡೆಗಳ ನಡುವೆ ಇಟ್ಟುಕೊಳ್ಳಿ. ಬೆಳಿಗ್ಗೆ ಅದೇ ನೀರು ಕುಡಿಯಲು ಆಗುತ್ತದೆ.

ಬಟ್ಟೆಯಲ್ಲಿ ಜೀನ್ಸ್ ಬೇಡ, ಹತ್ತಿ ಟೀಶರ್ಟೂ ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದಿಡುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಮೈಗೆ ತಾಗುವುದು ಪಾಲಿಯೆಸ್ಟರ್ ಅಥವಾ ಉಣ್ಣೆ, ಅದರ ಮೇಲೆ ಫ್ಲೀಸ್, ನಿಂತಾಗ ಹಾಕಲು ದಪ್ಪ ಜಾಕೆಟ್, ಎಲ್ಲದರ ಮೇಲೆ ಮಳೆ–ಗಾಳಿ ತಡೆಯುವ ಕೋಟು ಮತ್ತು ಪ್ಯಾಂಟು. ಏರುವಾಗ ‘ಸ್ವಲ್ಪ ಚಳಿ’ ಅನ್ನುವಷ್ಟೇ ಹಾಕಿ ನಡೆಯಿರಿ. ಬೆವರಿ ಒದ್ದೆಯಾದರೂ ಮಳೆಗೆ ನೆನೆದಷ್ಟೇ ನಷ್ಟ. ಒಂದು ಜೊತೆ ಒಳಬಟ್ಟೆ, ಪ್ಯಾಂಟು, ಉಣ್ಣೆ ಸಾಕ್ಸ್ ಬರೀ ಮಲಗಲು ಇರಲಿ. ಏನೇ ಆದರೂ ಅದನ್ನು ನಡಿಗೆಗೆ ಹಾಕಬಾರದು. ಬೆಳಿಗ್ಗೆ ಒದ್ದೆ ಸಾಕ್ಸಿಗೇ ಕಾಲು ತೂರಿಸುವುದು ಹಿಂಸೆ, ಆದರೂ ಅದೇ ಸರಿ. ಬ್ಯಾಗಿನ ಹೊರಗಿನ ರೈನ್‌ಕವರ್ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ತೂರಿಸಿ, ಮಲಗುವ ಚೀಲ ಮತ್ತು ಒಣಬಟ್ಟೆ ಅದರೊಳಗೆ ಹಾಕಿ ಬಾಯಿ ತಿರುಚಿ ಕಟ್ಟಿ.

ಅಡುಗೆ. ಗ್ಯಾಸ್ ಕ್ಯಾನಿಸ್ಟರ್‌ಗೆ ವಿಮಾನದಲ್ಲಿ ಪ್ರವೇಶವಿಲ್ಲ, ಕ್ಯಾಬಿನ್ನಿನಲ್ಲೂ ಇಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ಲೈಟರ್, ಬೆಂಕಿಪೊಟ್ಟಣವೂ ಹಾಗೆಯೇ. ಡೆಹ್ರಾಡೂನ್ ಅಥವಾ ಉತ್ತರಕಾಶಿಯಲ್ಲಿ ಕೊಳ್ಳಿ. ಕೊಳ್ಳುವಾಗ ಡಬ್ಬಿಯ ಮೇಲೆ ಏನು ಬರೆದಿದೆ ಓದಿ. ಅಗ್ಗದ ಉದ್ದ ಡಬ್ಬಿಗಳಲ್ಲಿ ಬಹುಪಾಲು ಬರೀ ಬ್ಯೂಟೇನ್. ಸಮುದ್ರಮಟ್ಟದಲ್ಲಿ ಅದು ಕುದಿಯುವುದೇ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಬೆಳಗಿನ ಜಾವ ಡಬ್ಬಿ ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುತ್ತದೆ, ಒಲೆಯಲ್ಲಿ ಮಾತ್ರ ಉರಿಗೆ ಬಲವಿಲ್ಲ. ಐಸೋಬ್ಯೂಟೇನ್–ಪ್ರೊಪೇನ್ ಮಿಶ್ರಣದ, ತಿರುಪಿನ ಬಾಯಿಯ 230 ಗ್ರಾಂ ಡಬ್ಬಿ ತೆಗೆದುಕೊಳ್ಳಿ, ರಾತ್ರಿ ಅದನ್ನು ಬಟ್ಟೆ ಸುತ್ತಿ ಚೀಲದೊಳಗೆ ಕಾಲ ಬಳಿ ಇಡಿ. ಗಾಳಿ, ಚಳಿ ಎರಡೂ ಇರುವಾಗ ಅಂಥ ಒಂದು ಡಬ್ಬಿಗೆ ಹೆಚ್ಚೆಂದರೆ 8–10 ಲೀಟರ್ ನೀರು ಕುದಿಯುತ್ತದೆ ಎಂದು ಹಿಡಿಯಿರಿ. ಮೂವರಿಗೆ ದಿನಕ್ಕೆ ಐದಾರು ಲೀಟರ್ ಬೇಕು, ಅಂದರೆ ಸರೋವರದ ಬಳಿಯ ಎರಡು ರಾತ್ರಿಗೆ ಎರಡು ಡಬ್ಬಿ, ಮಾಂಝಿಯಲ್ಲೂ ತಂಗುವುದಿದ್ದರೆ ಮೂರು. ಎಷ್ಟೇ ಮಳೆ ಬರಲಿ, ಒಲೆಯನ್ನು ಟೆಂಟಿನೊಳಗೆ ಹಚ್ಚಬೇಡಿ. ಇಂಗಾಲದ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆ ಬಂದಂತೆ ಆಗಿ ಮತ್ತೆ ಏಳುವುದೇ ಇಲ್ಲ.

ಆ ಎತ್ತರದಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವುದು ಬೇಗ, ಬೇಯುವುದು ನಿಧಾನ. ಕುಕ್ಕರ್ ಇಲ್ಲದೆ ತೊಗರಿಬೇಳೆ ಹಾಕಿದರೆ ಡಬ್ಬಿ ಖಾಲಿಯಾದರೂ ಬೇಳೆ ಕಾಳಾಗಿಯೇ ಇರುತ್ತದೆ. ಹುರಿದ ರವೆ, ಮನೆಯಲ್ಲೇ ಒಗ್ಗರಣೆ ಬೆರೆಸಿಟ್ಟದ್ದು, ತಲೆಗೆ 100 ಗ್ರಾಂ. ಪೇಪರ್ ಅವಲಕ್ಕಿಗಿಂತ ಮಧ್ಯಮ ಅವಲಕ್ಕಿ, ಪುಳಿಯೋಗರೆ ಗೊಜ್ಜಿನೊಂದಿಗೆ. ಮಧ್ಯಾಹ್ನವೇ ನೆನೆಹಾಕಿದ ಹೆಸರುಬೇಳೆ ಮತ್ತು ಸಣ್ಣ ಅಕ್ಕಿ ಸೇರಿಸಿ ಪೊಂಗಲ್. ಕುದಿ ಬಂದ ಮೇಲೆ ಪಾತ್ರೆ ಇಳಿಸಿ, ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಬಿಟ್ಟರೆ ಗ್ಯಾಸ್ ಉಳಿಯುತ್ತದೆ. ಒಟ್ಟು ಒಣ ಆಹಾರ ಒಬ್ಬರಿಗೆ ದಿನಕ್ಕೆ 600–700 ಗ್ರಾಂ ಲೆಕ್ಕ ಹಾಕಿ, ತುಪ್ಪ, ಕಡಲೆಬೀಜ, ಬೆಲ್ಲ ಧಾರಾಳವಾಗಿರಲಿ. ಮಲಗುವ ಮುಂಚೆ ಒಂದು ತುಂಡು ಚಿಕ್ಕಿ ತಿಂದವರಿಗೆ ರಾತ್ರಿ ಚಳಿ ಕಡಿಮೆ.

ಉಳಿದ ಆಹಾರ ಟೆಂಟಿನಲ್ಲಿ ಇಡಬೇಡಿ. ದಾರಿಯುದ್ದಕ್ಕೂ ಇರುವ ಓಕ್ ಕಾಡು ಹಿಮಾಲಯದ ಕಪ್ಪು ಕರಡಿಯ ನೆಲೆ, ಚಳಿಗಾಲಕ್ಕೆ ಮುಂಚೆ ಅದು ಓಕ್ ಕಾಯಿ ತಿಂದು ಕೊಬ್ಬು ಬೆಳೆಸುವ ಕಾಲವೇ ಅಕ್ಟೋಬರ್. ಟೆಂಟಿನಿಂದ 60 ಮೀಟರ್ ಆಚೆ, ನೆಲದಿಂದ 4 ಮೀಟರ್ ಎತ್ತರಕ್ಕೆ, ಕಾಂಡದಿಂದ 2 ಮೀಟರ್ ದೂರಕ್ಕೆ ಹಗ್ಗದಲ್ಲಿ ಎಳೆದು ಕಟ್ಟಿ. ಟೂತ್‌ಪೇಸ್ಟೂ ಅದರೊಳಗೇ ಇರಲಿ. ಮಬ್ಬುಗತ್ತಲಲ್ಲಿ ಕಾಡಿನೊಳಗೆ ಒಬ್ಬೊಬ್ಬರೇ ಹೋಗಬೇಡಿ, ನಡೆಯುವಾಗ ಮಾತಾಡುತ್ತ ಇರಿ.

ನೀರಿಗೆ ಸರೋವರಕ್ಕೆ ಬಂದು ಸೇರುವ ತೊರೆಯೇ ಉತ್ತಮ, ದನಕುರಿ, ಹೇಸರಗತ್ತೆಗಳ ಜಾಡಿಗಿಂತ ಮೇಲಕ್ಕೆ ಹೋಗಿ ಹಿಡಿಯಿರಿ. ಈ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕು. ಕ್ಲೋರಿನ್ ಮಾತ್ರೆ ತಣ್ಣೀರಿನಲ್ಲಿ ನಿಧಾನ, ಪೊಟ್ಟಣದ ಮೇಲಿನ ಸಮಯದ ಎರಡರಷ್ಟು ಕಾಯಿರಿ. ಕೊಳವೆಯಾಕಾರದ ಫಿಲ್ಟರ್ ಬಳಸಿದರೆ ರಾತ್ರಿ ಅದನ್ನೂ ಚೀಲದೊಳಗೆ ಇಟ್ಟುಕೊಳ್ಳಿ. ಒಮ್ಮೆ ಒಳಗೆ ನೀರು ಹೆಪ್ಪುಗಟ್ಟಿದರೆ ಎಳೆಗಳು ಸೀಳುತ್ತವೆ, ಹೊರಗಿಂದ ಗೊತ್ತಾಗುವುದಿಲ್ಲ, ನೀರು ಮಾತ್ರ ಶುದ್ಧವಾಗುವುದಿಲ್ಲ. ಪಾತ್ರೆ ತೊಳೆದ ನೀರು, ಸೋಪು ಯಾವುದೂ ಸರೋವರಕ್ಕೆ ಬೇಡ, ‘ನೈಸರ್ಗಿಕ’ ಸೋಪೂ ಬೇಡ. ಶೌಚಕ್ಕೆ ನೀರಿನಿಂದ 60 ಮೀಟರ್ ಆಚೆ 15–20 ಸೆಂ.ಮೀ. ಗುಂಡಿ ತೋಡಿ ಮುಚ್ಚಿ. ಕಾಗದ ಚಳಿ ಮಣ್ಣಿನಲ್ಲಿ ಕೊಳೆಯದೆ ಉಳಿಯುತ್ತದೆ, ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ. ಕಟ್ಟಿಗೆ ಬೆಂಕಿಯ ಆಸೆ ಬಿಡಿ. ಎತ್ತರದಲ್ಲಿ ಓಕ್ ಬೆಳೆಯುವುದು ತೀರ ನಿಧಾನ, ಒಂದು ಸಂಜೆಯ ಖುಷಿಗೆ ಸುಡುವಂಥದ್ದಲ್ಲ.

ದರ್ವಾ ಪಾಸ್ ಸರೋವರದಿಂದ ಐದಾರು ಕಿ.ಮೀ. ಅಷ್ಟೇ, ಆದರೆ ಏರು ಸಾವಿರ ಮೀಟರಿನಷ್ಟು. ಮೇಲೆ ನಿಂತರೆ ಬಂದರ್‌ಪೂಂಛ್ ಎದುರಿಗೇ ಕಾಣುತ್ತದೆ, ಬಿಡಬೇಡಿ. ಸರೋವರದಲ್ಲಿ ಒಂದು ರಾತ್ರಿ ಕಳೆದ ಮೇಲೆಯೇ ಹೊರಡಿ, ಬೆಳಕು ಹರಿಯುತ್ತಿದ್ದಂತೆ ಆರಕ್ಕೆ. ಎಲ್ಲೇ ಇದ್ದರೂ ಹನ್ನೊಂದೂವರೆಗೆ ಹಿಂತಿರುಗಿ. ಈ ಬೆಟ್ಟಗಳಲ್ಲಿ ಮೋಡ ಕಟ್ಟುವುದು ಮಧ್ಯಾಹ್ನದ ಮೇಲೆ. ಟೆಂಟ್ ಕೆಳಗೇ ಇದ್ದರೂ ಪ್ರತಿಯೊಬ್ಬರಿಗೂ ಮಳೆಕೋಟು, ದಪ್ಪ ಜಾಕೆಟ್, ಜೊತೆಗೆ ಒಂದು ಮಲಗುವ ಚೀಲ, ಟಾರ್ಚು ಒಯ್ಯಲೇಬೇಕು, ಭಾರವನ್ನು ಮೂವರೂ ಹಂಚಿಕೊಳ್ಳಿ. ಅಲ್ಲಿ ರಾತ್ರಿ ತಂಗುವ ಯೋಜನೆ ಹಾಕಬೇಡಿ. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ಉಳಿಯುವುದನ್ನು ನಿಷೇಧಿಸಿ ಆದೇಶ ಕೊಟ್ಟಿತು. ಸರೋವರದ ಬಳಿ ಟೆಂಟಿಗೂ ಅರಣ್ಯ ಇಲಾಖೆಯ ಅನುಮತಿ, ಶುಲ್ಕ ಇರುತ್ತದೆ. ಉತ್ತರಕಾಶಿಯ ಅರಣ್ಯ ಕಚೇರಿಯಲ್ಲಿ ಆ ಋತುವಿನ ನಿಯಮ ಕೇಳಿ, ಚೀಟಿ ಮಾಡಿಸಿಕೊಂಡೇ ಹೊರಡಿ. ಮೂವರೂ ಆಧಾರ್ ಪ್ರತಿ ಇಟ್ಟುಕೊಳ್ಳಿ.

ಜೊತೆಗಾರ ನಡುಗುತ್ತಿದ್ದರೆ ಇನ್ನೂ ಸಮಯವಿದೆ. ಮಾತು ತೊದಲಿದರೆ, ಸಮ ನೆಲದಲ್ಲಿ ಎಡವಿದರೆ, ಜಿಪ್ ಎಳೆಯಲು ಬೆರಳು ಬಾರದಿದ್ದರೆ ದೇಹದ ಒಳಶಾಖವೇ ಕುಸಿಯುತ್ತಿದೆ. ‘ಇನ್ನರ್ಧ ಗಂಟೆ ನಡೆದರೆ ಕ್ಯಾಂಪ್’ ಎಂದು ಎಳೆದೊಯ್ಯಬೇಡಿ. ಗಾಳಿಗೆ ಮರೆ ಹುಡುಕಿ, ಒದ್ದೆ ಬಟ್ಟೆ ಪೂರ್ತಿ ತೆಗೆದು ಒಣಗಿದ್ದು ಹಾಕಿಸಿ, ಕೆಳಗೆ ಹಾಸು ಹಾಕಿ ಚೀಲದೊಳಗೆ ಸೇರಿಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಎದೆ, ಕಂಕುಳಿಗೆ ಇಡಿ. ನುಂಗಲು ಆಗುತ್ತಿದ್ದರೆ ಬೆಲ್ಲದ ಬಿಸಿನೀರು ಕೊಡಿ. ಕೈಕಾಲು ತಿಕ್ಕಬೇಡಿ, ಮದ್ಯ ಕೊಡಬೇಡಿ. ನಡುಕ ತಾನಾಗಿ ನಿಂತು ಮಂಕು ಕವಿದರೆ ಸುಧಾರಿಸಿತು ಎಂದುಕೊಳ್ಳಬೇಡಿ, ಅದು ಹೆಚ್ಚು ಅಪಾಯದ ಹಂತ. ಒಬ್ಬರು ಜೊತೆಗಿರಿ, ಇನ್ನೊಬ್ಬರು ಸಹಾಯಕ್ಕೆ ಇಳಿಯಿರಿ. ಮೇಲೆ ಫೋನ್ ಸಿಗ್ನಲ್ ನಂಬುವಂತಿಲ್ಲ. ವಿದೇಶದಲ್ಲಿರುವ ಗೆಳೆಯರಿಂದ ಸ್ಯಾಟಲೈಟ್ ಮೆಸೆಂಜರ್ ತರಿಸುವ ಯೋಚನೆ ಇದ್ದರೆ ಕೈಬಿಡಿ, ಪರವಾನಗಿಯಿಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಂಡರೆ ಕೇಸು ಬೀಳುತ್ತದೆ.

ಕೊನೆಯದಾಗಿ ಗೈಡ್. ಬೇಕು. ಸರೋವರದವರೆಗಿನ ದಾರಿ ತಪ್ಪುವಂಥದ್ದಲ್ಲ ನಿಜ. ಆದರೆ ಅದರಾಚೆ ಕುರಿಗಾಹಿಗಳ ಜಾಡು ನಾಲ್ಕಾರು ಕಡೆ ಕವಲೊಡೆಯುತ್ತದೆ, ಒಂದು ಇಂಚು ಹಿಮ ಬಿದ್ದರೂ ಎಲ್ಲ ಒಂದೇ ರೀತಿ ಕಾಣುತ್ತವೆ. ಮೂವರಲ್ಲಿ ಒಬ್ಬರು ಬಿದ್ದರೆ ಉಳಿದ ಇಬ್ಬರಿಗೆ ಹೊರಲಾಗದು, ಹಳ್ಳಿಯಿಂದ ಹೇಸರಗತ್ತೆ ಕರೆಸಬಲ್ಲವರು ಜೊತೆಗಿರಬೇಕು. ಅಗೋಡಾದಲ್ಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ನಿಮ್ಮ ಟೆಂಟು, ನಿಮ್ಮ ಅಡುಗೆಗೆ ಅವರು ಅಡ್ಡಿಯಾಗುವುದಿಲ್ಲ. ದಿನಗೂಲಿ ಎಷ್ಟು, ಊಟ ಯಾರದು, ಹಿಮ ಬಿದ್ದು ಒಂದು ದಿನ ಹೆಚ್ಚಾದರೆ ಹೇಗೆ ಎಂಬುದನ್ನು ಹೊರಡುವ ಮುಂಚೆಯೇ ಮಾತಾಡಿ. ರಾತ್ರಿ ಅವರು ಎಲ್ಲಿ ಮಲಗುತ್ತಾರೆ ಎಂದೂ ಕೇಳಿ. ಸರೋವರದ ಬಳಿಯ ಢಾಬಾ, ಗುಡಿಸಲುಗಳು ಅಕ್ಟೋಬರ್‌ನಲ್ಲಿ ಮುಚ್ಚಿರಬಹುದು. ಹಾಗಿದ್ದರೆ ನಾಲ್ವರ ಟೆಂಟಿನ ಜೊತೆಗೆ ಇಬ್ಬರ ಇನ್ನೊಂದು ಟೆಂಟು, ಒಂದು ಚೀಲ, ಎರಡು ಮ್ಯಾಟ್ ಉತ್ತರಕಾಶಿಯಲ್ಲೇ ಬಾಡಿಗೆಗೆ ಹಿಡಿದು ಅವರಿಗಾಗಿ ಹೊತ್ತುಕೊಂಡು ಹೋಗಬೇಕು.